ದಲ್ಸು ಬಿಟ್ಟ ಸಾರು

ನಾಮ್ ದಲ್ಸುವನ್ನು ಸೊಲ್ಮೊಕ್ ಊರಿನಲ್ಲಿ ಬುದ್ಧಿವಂತ ಎಂದು ಯಾರೂ ಕರೆದದ್ದಿಲ್ಲ. ಆ ಕೆಲಸವನ್ನು ಅರವತ್ತೊಂಬತ್ತು ವರ್ಷದಿಂದ ಅವನೇ ಮಾಡಿಕೊಂಡು ಬಂದಿದ್ದ. ಸುತ್ತಲಿನ ಏಳೆಂಟು ಊರುಗಳ ಮನೆಗಳಲ್ಲಿ ನೆಲ ಬಿಸಿಮಾಡುವ ಬಾಯ್ಲರುಗಳನ್ನು ನಲವತ್ತು ವರ್ಷ ರಿಪೇರಿ ಮಾಡಿದವನು. ಒತ್ತಡ ಅಂದರೇನು, ಎಲ್ಲಿ ಹೆಚ್ಚಾದರೆ ಎಲ್ಲಿ ಸಿಡಿಯುತ್ತದೆ ಎನ್ನುವುದನ್ನು ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ಅವನ ನಂಬಿಕೆ. ಅಂಥವನು ಒಂದೇ ಚಳಿಗಾಲದಲ್ಲಿ ತನ್ನ ರಕ್ತದೊತ್ತಡವನ್ನು ನೂರ ಎಪ್ಪತ್ತೆರಡರಿಂದ ನೂರ ಇಪ್ಪತ್ತೆಂಟಕ್ಕೆ ಇಳಿಸಿದ, ಅದೇ ಚಳಿಗಾಲದಲ್ಲಿ ಹೆಂಡತಿಯನ್ನು ಸಾವಿನ ಬಾಗಿಲವರೆಗೆ ಕಳಿಸಿದ. ಎರಡೂ ಒಂದೇ ಬಟ್ಟಲಿನಿಂದ ಆದ ಕೆಲಸ. ಈಗ ಯಾರಾದರೂ ಕೇಳಿದರೆ ಅವನೇ ಹೇಳುತ್ತಾನೆ, ನಮ್ಮೂರಲ್ಲಿ ಆ ವರ್ಷ ಕತ್ತೆಗಳಿರಲಿಲ್ಲ, ಆ ಕೊರತೆ ನಾನೇ ತುಂಬಿದೆ ಅಂತ.

ಸೊಲ್ಮೊಕ್ ಕಡಲ ಕೆಸರಿಗೆ ಅಂಟಿಕೊಂಡ ಊರು. ಅಲ್ಲಿ ಉಪ್ಪು ಕಡಿಮೆಯಾಗುವುದು ಅಡುಗೆಯ ವಿಷಯವಲ್ಲ, ಮರ್ಯಾದೆಯ ವಿಷಯ. ಸಪ್ಪೆ ಸಾರು ಬಡಿಸಿದ ಮನೆಯ ಬಗ್ಗೆ ಊರು ಹತ್ತು ವರ್ಷ ಮಾತಾಡುತ್ತದೆ. ದಲ್ಸುವಿಗೆ ಮೂರು ಹೊತ್ತೂ ಸಾರು ಆಗಬೇಕು. ಬಟ್ಟಲಿಗೆ ಅನ್ನ ಸುರಿದುಕೊಂಡು, ಕಲಸಿ, ಕೊನೆಗೆ ಬಟ್ಟಲನ್ನೇ ಎರಡೂ ಕೈಯಲ್ಲಿ ಎತ್ತಿ ತಳ ಕಾಣುವವರೆಗೆ ಕುಡಿದು, ಬೆವರೊರೆಸಿಕೊಳ್ಳುತ್ತ ‘ತಂಪಾಯ್ತು’ ಅನ್ನಬೇಕು. ಕುದಿಯುವ ಸಾರು ಕುಡಿದು ತಂಪಾಯ್ತು ಅನ್ನದಿದ್ದರೆ ಮಾಡಿದವಳಿಗೆ ಬೇಜಾರಾಗುತ್ತದೆ. ಅವನ ಹೆಂಡತಿ ಜಮ್ರೆಗೆ ನಲವತ್ತೈದು ವರ್ಷದಲ್ಲಿ ಅವನು ಕೊಟ್ಟ ಹೊಗಳಿಕೆ ಅದೊಂದೇ, ಆದರೆ ದಿನಕ್ಕೆ ಮೂರು ಸಲ ತಪ್ಪದೆ ಕೊಟ್ಟಿದ್ದ.

ಆ ಶರತ್ಕಾಲದಲ್ಲಿ ಆರೋಗ್ಯ ಕೇಂದ್ರದ ನರ್ಸು ಊರಿನ ಸಮುದಾಯ ಭವನಕ್ಕೆ ಬಂದು ಎಲ್ಲರ ರಟ್ಟೆಗೂ ರಕ್ತದೊತ್ತಡ ನೋಡುವ ಪಟ್ಟಿ ಸುತ್ತಿದಳು. ದಲ್ಸುವಿನ ಸರದಿ ಬಂದಾಗ ನೂರ ಎಪ್ಪತ್ತೆರಡು. ಯಂತ್ರ ಕೆಟ್ಟಿದೆ ಎಂದ. ಮತ್ತೆ ನೋಡಿದರೆ ನೂರ ಎಪ್ಪತ್ನಾಲ್ಕು. ಪಟ್ಟಿಯ ಕೊಳವೆಯಲ್ಲಿ ಎಲ್ಲೋ ಗಾಳಿ ಸೋರುತ್ತಿದೆ, ಕೊಡಿ ನೋಡುತ್ತೇನೆ ಎಂದ. ಸುತ್ತ ಕೂತ ಹೆಂಗಸರು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಅವರಲ್ಲಿ ಎಂಬತ್ನಾಲ್ಕರ ಬೊಕ್ಸಿಲ್ ಅಜ್ಜಿ ತಲೆಯೆತ್ತದೆ, ನಿಮ್ಮಣ್ಣನೂ ಯಂತ್ರ ಕೆಟ್ಟಿದೆ ಅಂತಲೇ ಹೇಳಿ ಹೋದ ಎಂದಳು. ದಲ್ಸುವಿನ ಅಣ್ಣ ಅರವತ್ತಾರಕ್ಕೆ ಈರುಳ್ಳಿ ಹೊಲದಲ್ಲಿ ಕೂತಲ್ಲೇ ಬಿದ್ದು ಸತ್ತವನು. ತಲೆಯ ನರ ಒಡೆದಿತ್ತು. ದಲ್ಸು ಅಂಗಿಯ ತೋಳು ಇಳಿಸಿಕೊಂಡು ಎದ್ದ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವತ್ತಿನಿಂದಲೇ ತಪ್ಪದೆ ನುಂಗತೊಡಗಿದ. ಅವನಿಗೆ ಹತ್ತಿದ್ದು ಸಾಯುವ ಭಯ, ಅವನು ಅದಕ್ಕಿಟ್ಟ ಹೆಸರು ಶಿಸ್ತು.

ಎರಡು ವರ್ಷದ ಹಿಂದೆ ಇದೇ ಭವನಕ್ಕೆ ಪಟ್ಟಣದಿಂದ ಒಬ್ಬರು ಬಂದು, ಹೊಳೆಯುವ ಕಾಗದದ ಮೇಲೆ ಹಸಿ ಸೊಪ್ಪು, ಹಾಲಲ್ಲಿ ನೆನೆಸಿದ ಓಟ್ಸು, ಇನ್ನೂ ಏನೇನೋ ತೋರಿಸಿ ಇದನ್ನು ತಿನ್ನಿ ಎಂದಿದ್ದರು. ಇದು ಯಾರ ಮನೆ ದನಕ್ಕೆ ಅಂತ ಬೊಕ್ಸಿಲ್ ಅಜ್ಜಿ ಕೇಳಿದ ಮೇಲೆ ಅವರು ಮತ್ತೆ ಬರಲಿಲ್ಲ. ಈ ಸಲ ಊಟದ ಸಲಹೆ ಕೊಡಲು ಆರೋಗ್ಯ ಕೇಂದ್ರದಿಂದ ಬಂದವಳು ಪ್ಯೊ ಉನ್ಜು. ಮೂವತ್ತೈದರ ಆಸುಪಾಸಿನವಳು, ಪಕ್ಕದ ಜಿಲ್ಲೆಯವಳು, ಅವಳ ತಾಯಿಯೂ ಕಡಲ ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕಿದವಳೇ. ಕಾಗದ ಗೀಗದ ಏನೂ ತರಲಿಲ್ಲ. ಬಿಸಿ ನೆಲದ ಮೇಲೆ ಹೆಂಗಸರ ನಡುವೆ ಕೂತು, ತಾನೂ ನಾಲ್ಕು ಬೆಳ್ಳುಳ್ಳಿ ಬಿಡಿಸುತ್ತ, ನೀವು ಏನು ತಿನ್ನುತ್ತೀರೋ ಅದನ್ನೇ ತಿನ್ನಿ, ತಿನ್ನುವ ರೀತಿ ಸ್ವಲ್ಪ ಬದಲಿಸೋಣ ಎಂದಳು. ಉಪ್ಪುಖಾರದಲ್ಲಿ ಹುಳಿಸಿದ ಕೋಸಿನ ಕಿಮ್ಚಿ ಬಿಡಬೇಡಿ, ಸಣ್ಣಗೆ ಹೆಚ್ಚಿ. ಸೋಯಾ ಸಾಸನ್ನು ಸುರಿಯಬೇಡಿ, ಅದ್ದಿಕೊಳ್ಳಿ. ಕುದಿಯುವ ಸಾರಿನ ಉಪ್ಪು ನಾಲಿಗೆಗೆ ಗೊತ್ತಾಗುವುದಿಲ್ಲ, ಸ್ವಲ್ಪ ಆರಿದ ಮೇಲೆ ರುಚಿ ನೋಡಿ ಉಪ್ಪು ಹಾಕಿ. ದಿನ ದಿನಕ್ಕೆ ಒಂದೊಂದು ಚಿಟಿಕೆ ಕಮ್ಮಿ ಮಾಡುತ್ತ ಬನ್ನಿ. ಸಾರಿಗೆ ಅನ್ನ ಸುರಿಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಸಾರಿನೊಳಗಿನ ಮೀನು, ಮೂಲಂಗಿ, ತೋಫು ಎಲ್ಲ ಹೆಕ್ಕಿ ತಿಂದು ಸಾರನ್ನು ಬಟ್ಟಲಲ್ಲೇ ಬಿಡಿ.

“ಹೋಳು ತಿನ್ನಿ, ಸಾರು ಬಿಡಿ. ಇಷ್ಟು ನೆನಪಿಟ್ಕೊಂಡ್ರೆ ಸಾಕು,” ಎಂದಳು.

ದಲ್ಸುವಿಗೆ ಇದು ನಾಟಿತು. ಒಳಗೆ ಬರುವುದನ್ನು ತಡೆದರೆ ಒತ್ತಡ ಇಳಿಯುತ್ತದೆ, ಬಾಯ್ಲರಿನ ಮೊದಲ ಪಾಠವೇ ಇದು. ಇಷ್ಟು ಸರಿಯಾಗಿ ಯೋಚಿಸುವವರು ಸರ್ಕಾರದಲ್ಲೂ ಇದ್ದಾರಲ್ಲ ಅಂತ ಅವನಿಗೆ ಆಶ್ಚರ್ಯವಾಯಿತು. ಮನೆಗೆ ಬಂದು ಆ ನಾಲ್ಕು ಪದಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ.

ಮರುದಿನ ಜಮ್ರೆ, ಪ್ಯೊ ಮೇಡಂ ಹೇಳಿದ ಹಾಗೆಯೇ ಸಾರಿಗೆ ಉಪ್ಪು ಕಮ್ಮಿ ಮಾಡಿ, ಎಳ್ಳಿನಂಥ ಪೆರಿಲ್ಲಾ ಬೀಜದ ಪುಡಿ ಜಾಸ್ತಿ ಹಾಕಿ ಮುಂದಿಟ್ಟಳು. ದಲ್ಸು ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದ. ಇಲ್ಲಿ ಅವನ ಬುದ್ಧಿವಂತಿಕೆ ಕೆಲಸಕ್ಕೆ ಬಂತು.

“ಅಲ್ವೇ, ಸಾರಂತೂ ನಾನು ಕುಡಿಯೋದೇ ಇಲ್ಲ. ಕುಡೀದೇ ಇರೋ ಸಾರಿಗೆ ಉಪ್ಪು ಕಮ್ಮಿ ಹಾಕಿ ಏನು ಪ್ರಯೋಜನ? ಹೋಳಿಗಾದ್ರೂ ರುಚಿ ಎಲ್ಲಿಂದ ಬರ್ಬೇಕು?”

ಒಂದು ಕೊಳವೆ ಮುಚ್ಚಿದ ಮೇಲೆ ಇನ್ನೊಂದನ್ನೂ ಮುಚ್ಚುವುದು ಕೆಲಸ ಗೊತ್ತಿಲ್ಲದವರ ಲಕ್ಷಣ ಅಂತ ಅವಳಿಗೆ ವಿವರಿಸಿದ. ಜಮ್ರೆ ಉಪ್ಪಿನ ಡಬ್ಬಿ ತೆಗೆದಳು. ಅವಳು ವಾದ ಮಾಡುವವಳಲ್ಲ. ಮಾಡಿದ್ದರೂ ಅವನು ಕೇಳುವವನಲ್ಲ. ಸಾರು ಮೊದಲಿನ ಉಪ್ಪಿಗೇ ಬಂತು, ಸ್ವಲ್ಪ ಜಾಸ್ತಿಯೇ ಆಯಿತು. ಸಾರು ಬಿಡುವ ತ್ಯಾಗಕ್ಕೆ ಹೋಳಾದರೂ ಖಾರ ಉಪ್ಪು ಹಿಡಿದಿರಲಿ ಅಂತ ಅವನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ.

ಹೀಗೆ ಶುರುವಾಯಿತು ಅವನ ತಪಸ್ಸು. ಮೊದಲ ವಾರ ಬಟ್ಟಲಲ್ಲಿ ಉಳಿದ ಸಾರನ್ನು ನೋಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಎರಡನೆಯ ವಾರ ಅಭ್ಯಾಸವಾಯಿತು. ಮೂರನೆಯ ವಾರಕ್ಕೆ ಹೆಮ್ಮೆ ಬಂತು. ಊಟವಾದ ಮೇಲೆ ಎಷ್ಟು ಸಾರು ಉಳಿಯಿತು ಅಂತ ವಾರಕ್ಕೊಂದು ಫೋಟೋ ಕಳಿಸಿದರೆ ಸಾಕು ಎಂದಿದ್ದಳು ಪ್ಯೊ ಮೇಡಂ. ದಲ್ಸು ದಿನಕ್ಕೆ ಮೂರು ಕಳಿಸಿದ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕೆಲವು ಸಲ ಬಟ್ಟಲಿನ ಜೊತೆ ತನ್ನ ಮುಖದ್ದೂ ಒಂದು. ಕೆಳಗೆ ‘ಇವತ್ತೂ ಗೆದ್ದೆ’ ಅಂತ ಬರೆಯುತ್ತಿದ್ದ. ಆ ಹೆಣ್ಣುಮಗಳು ಪಾಪ ಪ್ರತಿಯೊಂದಕ್ಕೂ ಚಪ್ಪಾಳೆಯ ಚಿತ್ರ ಕಳಿಸುತ್ತಿದ್ದಳು. ಫೋಟೋ ತೆಗೆಯುವಾಗ ಜಮ್ರೆಯ ಕೈ ಅಡ್ಡ ಬಂದರೆ, ಕೈ ತೆಗಿಯೇ ಅಂತ ಗದರುತ್ತಿದ್ದ. ಫೋಟೋ ತೆಗೆದು ಮುಗಿದ ಕೂಡಲೇ ಎದ್ದು, ಜಾಕೆಟ್ ಹಾಕಿಕೊಂಡು, ಭವನಕ್ಕೆ ಹೋಗಿ ಮೊಬೈಲಿನಲ್ಲಿ ಅದೇ ಫೋಟೋವನ್ನು ಅಲ್ಲಿದ್ದವರಿಗೆಲ್ಲ ತೋರಿಸುತ್ತಿದ್ದ. ತನ್ನ ಹಿಂದೆ ಊಟದ ಮೇಜಿನ ಮೇಲೆ ಏನಾಗುತ್ತದೆ ಅಂತ ಅವನು ಒಂದು ದಿನವೂ ತಿರುಗಿ ನೋಡಲಿಲ್ಲ.

ಎರಡು ತಿಂಗಳಿಗೆ ನೂರ ನಲವತ್ತು, ಮೂರು ತಿಂಗಳಿಗೆ ನೂರ ಇಪ್ಪತ್ತೆಂಟು. ಇದರಲ್ಲಿ ಮಾತ್ರೆಯ ಪಾಲು ಎಷ್ಟು, ಬಿಟ್ಟ ಸಾರಿನ ಪಾಲು ಎಷ್ಟು ಅಂತ ವಿಂಗಡಿಸುವ ಗೋಜಿಗೆ ಅವನು ಹೋಗಲಿಲ್ಲ. ಹೆಸರೆಲ್ಲ ತಾನೇ ತೆಗೆದುಕೊಂಡ. ಬೇರೆಯವರ ಮನೆ ಊಟಕ್ಕೆ ಹೋದರೆ ಅವರ ಬಟ್ಟಲೊಳಗೆ ಇಣುಕಿ ಬುದ್ಧಿ ಹೇಳುವ ಚಟ ಹತ್ತಿತು. ಯಾರದೋ ತಿಥಿಯ ಊಟದಲ್ಲಿ ಸತ್ತವನ ಮಗ ದುಃಖದಲ್ಲಿ ಸಾರು ಕುಡಿಯುತ್ತಿದ್ದಾಗ, ಅಪ್ಪನ ಹಿಂದೆಯೇ ಹೋಗ್ತೀಯಾ ಅಂತ ಕೇಳಿ ಬೈಸಿಕೊಂಡು ಬಂದ. ಊರಲ್ಲಿ ಅವನು ಬರುವುದು ಕಂಡರೆ ಜನ ಬಟ್ಟಲು ಮರೆಮಾಡತೊಡಗಿದರು. ಅದನ್ನೂ ಅವನು ಗೌರವ ಅಂತಲೇ ತಿಳಿದ.

ಈ ಮೂರು ತಿಂಗಳಲ್ಲಿ ಜಮ್ರೆ ಒಂದೆರಡು ಸಲ ತಲೆನೋವು ಅಂದಳು. ಬೆಳಿಗ್ಗೆ ಎದ್ದರೆ ಕತ್ತಿನ ಹಿಂದೆ ಕಲ್ಲಿಟ್ಟ ಹಾಗೆ ಇರುತ್ತದೆ ಅಂದಳು. ದಿಂಬು ಬದಲಿಸು ಎಂದ ದಲ್ಸು. ನರ್ಸು ಭವನಕ್ಕೆ ಬಂದ ದಿನಗಳಲ್ಲೆಲ್ಲ ಜಮ್ರೆ ಭವನದ ಅಡುಗೆಕೋಣೆಯಲ್ಲಿ ಎಲ್ಲರಿಗೂ ಊಟ ಮಾಡುತ್ತಿರುತ್ತಿದ್ದಳು. ಕರೆದರೆ, ನನಗೇನಾಗಿದೆ, ಮೊದಲು ಅವರನ್ನು ನೋಡಿ ಅನ್ನುತ್ತಿದ್ದಳು. ಹೋದ ವರ್ಷ ಅವಳದ್ದು ಸರಿಯಾಗಿಯೇ ಇತ್ತು, ಹಾಗಾಗಿ ಯಾರೂ ಒತ್ತಾಯ ಮಾಡಲಿಲ್ಲ.

ವರ್ಷದ ಮೊದಲ ತಿಂಗಳಲ್ಲಿ ಪ್ಯೊ ಮೇಡಂ ಫೋನ್ ಮಾಡಿ, ಯಜಮಾನರೇ, ನಿಮ್ಮೂರಿನವರಿಗೆ ನೀವೇ ಹತ್ತು ನಿಮಿಷ ಮಾತಾಡಿ, ನನ್ನ ಮಾತಿಗಿಂತ ನಿಮ್ಮ ಮಾತು ಅವರಿಗೆ ಹತ್ತಿರವಾಗುತ್ತದೆ ಎಂದಳು. ಅವಳಿಗೆ ಊರಿನ ಅಭಿಪ್ರಾಯ ಗೊತ್ತಿರಲಿಲ್ಲ. ದಲ್ಸು ಎರಡು ದಿನ ಕೂತು ದೊಡ್ಡ ಹಾಳೆಯ ಮೇಲೆ ಬಾಯ್ಲರಿನ ಚಿತ್ರ ಬರೆದ. ಬಾಯ್ಲರಿಗೆ ಎರಡು ಕಣ್ಣು, ಒಂದು ಬಾಯಿ ಇಟ್ಟ. ಅದು ಮನುಷ್ಯ ಅಂತ ಅವನು ಹೇಳುವವರೆಗೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಆ ದಿನ ಭವನ ತುಂಬಿತ್ತು, ಊಟವೂ ಇತ್ತಲ್ಲ. ಹತ್ತು ನಿಮಿಷದ ಮಾತು ನಲವತ್ತು ನಿಮಿಷವಾದರೂ ನಿಲ್ಲಲಿಲ್ಲ. ಕೊಳವೆ, ನಲ್ಲಿ, ಆವಿ ಎಲ್ಲ ಮುಗಿಸಿ ದಲ್ಸು ಸ್ವಂತ ಜೀವನಕ್ಕೆ ಬಂದ. ಸಾರು ಬಿಡುವುದಕ್ಕೆ ಮನಸ್ಸಿನ ಬಲ ಬೇಕು, ಆ ಬಲ ಎಲ್ಲರಿಗೂ ಇರುವುದಿಲ್ಲ ಎಂದ. ಸಾರು ಆರುತ್ತಿದೆ, ಬೇಗ ಬಿಡು ಮಾರಾಯ, ನಾವೂ ಬಿಡಬೇಕಲ್ಲ ಅಂದಳು ಬೊಕ್ಸಿಲ್ ಅಜ್ಜಿ. ಜನ ನಕ್ಕರು. ದಲ್ಸುವೂ ದೊಡ್ಡವರ ಹಾಗೆ ನಕ್ಕು, ಗಂಟಲು ಒಣಗಿದ್ದಕ್ಕೆ ಜಮ್ರೆಯ ಕಡೆ ಕೈ ಚಾಚಿದ. ಅವಳು ಕೆಟಲು ಎತ್ತಿ ಬಾರ್ಲಿ ನೀರು ಬಗ್ಗಿಸಿದಳು. ನೀರು ಲೋಟಕ್ಕೆ ಬೀಳಲಿಲ್ಲ. ಲೋಟದಿಂದ ಗೇಣು ದೂರದಲ್ಲಿ, ಮೇಜಿನ ಮೇಲೆ ಸುರಿಯುತ್ತ ಹೋಯಿತು. ಅವಳು ಬಗ್ಗಿಸುತ್ತಲೇ ಇದ್ದಳು.

“ಏನೇ, ಕಣ್ಣು ಕಾಣಲ್ವಾ? ನನ್ನ ಹಾಳೆ ನೆಂದೋಯ್ತು,” ಎಂದ ದಲ್ಸು.

ಈ ಮಾತನ್ನು ಅವನು ಇವತ್ತಿಗೂ ಯಾರ ಮುಂದೆಯೂ ಬಚ್ಚಿಡುವುದಿಲ್ಲ. ಹೆಂಡತಿಯ ಬಾಯಿ ಒಂದು ಕಡೆಗೆ ಜೋತುಬಿದ್ದಾಗ ನನ್ನ ಬಾಯಿಂದ ಬಂದ ಮಾತು ಇದು, ಕೇಳಿ ಅಂತ ತಾನೇ ಹೇಳುತ್ತಾನೆ. ಜಮ್ರೆ ಉತ್ತರ ಕೊಡಲು ಹೋದಳು. ಮಾತು ತೊದಲಿತು, ಏನೂ ಅರ್ಥವಾಗಲಿಲ್ಲ. ಪ್ಯೊ ಮೇಡಂ ಮೇಜು ದಾಟಿ ಓಡಿ ಬಂದು ಅವಳನ್ನು ಹಿಡಿದು ಕೂರಿಸಿ, ‘ಎರಡೂ ಕೈ ಎತ್ತಿ’ ಅಂದಳು. ಬಲಗೈ ಏಳಲಿಲ್ಲ. ಅಲ್ಲಿಯೇ ಪಟ್ಟಿ ಸುತ್ತಿ ನೋಡಿದರೆ ನೂರ ತೊಂಬತ್ತೆಂಟು. ಈ ಸಲ ಯಂತ್ರ ಕೆಟ್ಟಿದೆ ಎನ್ನಲು ದಲ್ಸುವಿಗೆ ಬಾಯಿ ಬರಲಿಲ್ಲ. ಆಂಬುಲೆನ್ಸಿನಲ್ಲಿ ಅವಳ ಪಕ್ಕ ಕೂತವನು ಬಾಯ್ಲರಿನ ಹಾಳೆಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದೇ ಇದ್ದ, ಯಾಕೆ ತಂದೆ ಅಂತ ಅವನಿಗೇ ತಿಳಿಯಲಿಲ್ಲ.

ದೇವರು ದೊಡ್ಡವನು. ಪಟ್ಟಣದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೈ ಏಳತೊಡಗಿತು, ಸಂಜೆಗೆ ಮಾತೂ ಸರಿಹೋಯಿತು. ಮೆದುಳಿಗೆ ರಕ್ತ ಹೋಗುವ ದಾರಿ ಸ್ವಲ್ಪ ಹೊತ್ತು ಕಟ್ಟಿಕೊಂಡು ತಾನಾಗಿ ಬಿಟ್ಟಿದೆ ಎಂದರು ಡಾಕ್ಟರು. ಇದು ಎಚ್ಚರಿಕೆ, ಒತ್ತಡ ಹೀಗೆಯೇ ಇದ್ದರೆ ಇನ್ನೊಂದು ಸಲ ಬಿಡುತ್ತದೆ ಅಂತ ಹೇಳಲಾಗುವುದಿಲ್ಲ ಎಂದರು. ದಲ್ಸು ಹೊರಗಿನ ಬೆಂಚಿನ ಮೇಲೆ ಕೂತ. ಅಣ್ಣ ಸತ್ತಾಗ ಬಂದ ಭಯ, ತನ್ನ ನೂರ ಎಪ್ಪತ್ತೆರಡು ಕೇಳಿದಾಗ ಬಂದ ಭಯ, ಎಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಅವಳಿಲ್ಲದ ಮನೆಗೆ ತಾನು ನೂರ ಇಪ್ಪತ್ತೆಂಟು ಇಟ್ಟುಕೊಂಡು ಹೋಗಿ ಏನು ಮಾಡುವುದು ಅಂತ ಅಳು ಬಂತು.

ಮರುದಿನ ಮಧ್ಯಾಹ್ನ ಪ್ಯೊ ಮೇಡಂ ಬಂದಳು. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಅಮ್ಮ, ದಿನಾ ಏನೇನು ಊಟ ಮಾಡುತ್ತೀರಿ ಅಂತ ಕೇಳಿದಳು. ಉತ್ತರ ಕೊಟ್ಟವನು ದಲ್ಸು. ನಾನು ತಿನ್ನುವುದನ್ನೇ ತಿನ್ನುತ್ತಾಳೆ, ಒಂದೇ ಪಾತ್ರೆ, ಒಂದೇ ಮೇಜು, ನನ್ನದು ಇಳಿದು ಅವಳದ್ದು ಏರಿದೆ ಅಂದರೆ ಅವಳ ದೇಹದ್ದೇ ಏನೋ ದೋಷ ಇರಬೇಕು ಎಂದ.

“ಯಜಮಾನ್ರೇ, ನೀವು ಸ್ವಲ್ಪ ಸುಮ್ನಿರಿ. ನಾನು ಅಮ್ಮನ್ನ ಕೇಳ್ತಿರೋದು.”

ಜಮ್ರೆ ಹೊದಿಕೆಯ ಅಂಚನ್ನು ಮಡಿಸುತ್ತ, “ಉಳಿದಿದ್ದು ತಿಂತೀನಿ,” ಎಂದಳು.

ಏನು ಉಳಿಯುತ್ತದೆ ಅಂತ ಮೇಡಂ ಕೇಳಿದಳು. ಸಾರು ಉಳಿಯುತ್ತದಲ್ಲ ಅಂದಳು ಜಮ್ರೆ, ಇದೇನು ಕೇಳುವ ವಿಷಯವೇ ಎನ್ನುವ ಹಾಗೆ. ಅವರದ್ದು ಊಟವಾದ ಮೇಲೆ ಅವರ ಬಟ್ಟಲಿನ ಸಾರಿಗೆ ಪಾತ್ರೆಯ ತಳದ್ದನ್ನೂ ಬೆರೆಸಿ, ತಣ್ಣಗಿನ ಅನ್ನ ಹಾಕಿಕೊಂಡು ಉಣ್ಣುತ್ತೇನೆ. ಮೊದಲು ಅವರೇ ಎಲ್ಲ ಕುಡಿಯುತ್ತಿದ್ದರು, ನನಗೆ ಕಿಮ್ಚಿಯಲ್ಲೇ ಮುಗಿಯುತ್ತಿತ್ತು. ಈಗ ಬೇಕಾದಷ್ಟು ಸಾರು ಸಿಗುತ್ತದೆ. ಮೂರು ಹೊತ್ತೂ ಸಿಗುತ್ತದೆ.

ಪ್ಯೊ ಮೇಡಂ ಮೊಬೈಲ್ ತೆಗೆದಳು. ದಲ್ಸು ಕಳಿಸಿದ ಫೋಟೋಗಳು ಇನ್ನೂರಕ್ಕೂ ಮೇಲಿದ್ದವು. ಒಂದೊಂದನ್ನೇ ಸರಿಸುತ್ತ ಹೋದಳು. ನಡುವೆ ಸಾರು ತುಂಬಿದ ಬಟ್ಟಲು, ಕೆಳಗೆ ‘ಇವತ್ತೂ ಗೆದ್ದೆ’. ಬಟ್ಟಲಿನ ಅಂಚಿಗೆ ಒಂದರಲ್ಲಿ ಎರಡು ಬೆರಳು, ಒಂದರಲ್ಲಿ ಅಂಗೈ, ಇನ್ನೊಂದರಲ್ಲಿ ಅನ್ನದ ಬಟ್ಟಲು ಹಿಡಿದ ಇಡೀ ಕೈ. ಊಟಕ್ಕೆ ಕಾದು ಕೂತವರ ಕೈ. ದಲ್ಸು ಕೈ ತೆಗಿ ತೆಗಿ ಅಂತ ದಿನವೂ ಗದರಿದ್ದು ಅದಕ್ಕೇ. ಮೇಡಂ ಮೊಬೈಲನ್ನು ಅವನ ಕಡೆ ತಿರುಗಿಸಿ ಹಿಡಿದಳು. ಅವನು ನೋಡಿದ. ನಲವತ್ತು ವರ್ಷ ಕೊಳವೆ ಜೋಡಿಸಿದವನು ಒಂದು ಕಡೆ ಬಿಟ್ಟ ನೀರು ಇನ್ನೊಂದು ಕಡೆ ಎಲ್ಲಿಗೆ ಹೋಗುತ್ತದೆ ಅಂತ ಒಂದು ಸಲವೂ ಕೇಳಿರಲಿಲ್ಲ. ಕುಡಿಯದ ಸಾರಿಗೆ ಉಪ್ಪು ಜಾಸ್ತಿ ಹಾಕಿಸಿದವನೂ ಅವನೇ. ನಾಚಿಕೆಯಿಂದ ಅವನಿಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ.

“ಚೆಲ್ಲಬಾರದಿತ್ತೇನೆ?” ಅಂದ.

“ಅಷ್ಟು ಮೀನು ಹಾಕಿ ಕುದಿಸಿದ್ದನ್ನ ಚೆಲ್ಲೋದಾ?” ಅಂದಳು ಜಮ್ರೆ. ಅವಳ ಧ್ವನಿಯಲ್ಲಿ ನಿಜವಾದ ಗಾಬರಿಯಿತ್ತು.

ಹೋಳು ತಿನ್ನಿ, ಸಾರು ಬಿಡಿ ಅಂತ ಫ್ರಿಜ್ಜಿನ ಮೇಲೆ ಬರೆದಿದೆಯಲ್ಲ, ನೀನೂ ದಿನಾ ನೋಡುತ್ತೀಯಲ್ಲ ಅಂತ ಅವನು ಕೇಳಿದ.

“ಅದು ನಿಮಗೆ ಬರೆದಿದ್ದಲ್ವಾ. ನನಗೆ ಅಂತ ಯಾರು ಹೇಳಿದ್ರು?”

ಅವಳು ಕೊಂಕು ಮಾತಾಡಿದ್ದಲ್ಲ. ಕೊಂಕಾಗಿದ್ದರೆ ಅವನು ತಿರುಗಿ ಏನಾದರೂ ಅನ್ನಬಹುದಿತ್ತು. ಮನೆಯಲ್ಲಿ ಕಾಯಿಲೆ ಇದ್ದದ್ದು ಗಂಡನಿಗೆ, ಪಥ್ಯ ಗಂಡನದ್ದು, ಹೋಳು ಗಂಡನದ್ದು, ಉಳಿದದ್ದು ತನ್ನದು. ಇದರಲ್ಲಿ ಅವಳಿಗೆ ಅನ್ಯಾಯ ಕಂಡಿರಲೇ ಇಲ್ಲ. ಪ್ಯೊ ಮೇಡಂ ಮೊಬೈಲ್ ಚೀಲಕ್ಕೆ ಹಾಕಿ, ಯಜಮಾನರೇ, ನೀವೊಬ್ಬರೇ ಕತ್ತೆಯಲ್ಲ, ನಾನೂ ಇದ್ದೇನೆ ಎಂದಳು. ಪಟ್ಟಣದವರ ಊಟ ನಮ್ಮವರಿಗೆ ಒಗ್ಗುವುದಿಲ್ಲ, ನಮ್ಮವರ ಊಟಕ್ಕೆ ತಕ್ಕ ಹಾಗೆ ಹೇಳಿದೆ ಅಂತ ಬೀಗುತ್ತಿದ್ದೆ. ನಮ್ಮವರ ಮನೆಯಲ್ಲಿ ಊಟಕ್ಕೆ ಇಬ್ಬರು ಕೂರುತ್ತಾರೆ, ಒಬ್ಬರು ಮೊದಲು, ಒಬ್ಬರು ಆಮೇಲೆ ಅನ್ನುವುದನ್ನೇ ಮರೆತೆ. ನಮ್ಮಮ್ಮನೂ ಹೀಗೇ ಉಣ್ಣುತ್ತಿದ್ದಳು, ನಾನು ಕಣ್ಣಾರೆ ನೋಡಿದವಳು. ಇನ್ನೂರು ಫೋಟೋಗೂ ಚಪ್ಪಾಳೆ ಕಳಿಸಿದೆನಲ್ಲ ಅಂದಳು. ಅವಳು ಇವರಿಬ್ಬರಿಗೂ ಸೇರಿಸಿ ಹೊಸದಾಗಿ ಹೇಳಿದ್ದು ಇಷ್ಟು: ಉಪ್ಪು ಪಾತ್ರೆಯಲ್ಲೇ ಕಮ್ಮಿಯಾಗಬೇಕು, ಸಾರೇ ಕಮ್ಮಿ ಮಾಡಬೇಕು, ಹೋಳು ಇಬ್ಬರಿಗೂ, ಊಟ ಒಟ್ಟಿಗೆ.

ನಾಲ್ಕನೆಯ ದಿನ ಜಮ್ರೆಯನ್ನು ಮನೆಗೆ ಕಳಿಸಿದರು. ಅಡುಗೆ ನಾನು ಮಾಡುತ್ತೇನೆ, ನೀನು ಕೂತಿರು ಎಂದ ದಲ್ಸು. ಹೇಳುವುದೇನೋ ಹೇಳಿದ. ಅಡುಗೆಕೋಣೆಗೆ ಹೋಗಿ ನಿಂತರೆ ಮೀನನ್ನು ನೀರಿಗೆ ಮೊದಲು ಹಾಕುವುದೋ ಮೂಲಂಗಿಯನ್ನೋ ಗೊತ್ತಿಲ್ಲ. ಜಮ್ರೆಯನ್ನು ಕೇಳಿದರೆ ಎದ್ದು ಬಂದೇ ಬಿಡುತ್ತಾಳೆ. ಹಿತ್ತಲ ಗೋಡೆಯಾಚೆಯ ಮನೆಯ ಬೊಕ್ಸಿಲ್ ಅಜ್ಜಿಯನ್ನು ಕರೆದು, ಅಕ್ಕ, ಮೂಲಂಗಿ ಮೊದಲೋ ಮೀನೋ ಅಂತ ಪಿಸುದನಿಯಲ್ಲಿ ಕೇಳಿದ.

“ನಲವತ್ತು ನಿಮಿಷ ಸಾರಿನ ಮೇಲೆ ಭಾಷಣ ಮಾಡ್ದಲ್ಲೋ ದಲ್ಸು,” ಅಂದಳು ಅಜ್ಜಿ. “ಮೂಲಂಗಿ. ಅದು ಬೆಂದ ಮೇಲೆ ಮೀನು. ಉಪ್ಪಿನ ಡಬ್ಬಿ ಈ ಕಡೆ ಕೊಡು, ನನ್ನ ಹತ್ರ ಇರ್ಲಿ,” ಎಂದಳು. ಅವನು ಗೋಡೆಯ ಮೇಲಿಂದ ಡಬ್ಬಿ ದಾಟಿಸಿದ.

ಬೆರಳು ಒಂದು ಕಡೆ ಕುಯ್ದುಕೊಂಡು, ಇನ್ನೊಂದು ಕಡೆ ಸುಟ್ಟುಕೊಂಡು, ಅಂತೂ ಒಂದು ಗಂಟೆಯಲ್ಲಿ ಸಾರಾಯಿತು. ಹುದುಗಿಸಿದ ಸೋಯಾ ಮುದ್ದೆ ಜಮ್ರೆ ಹಾಕುವುದರ ಅರ್ಧ. ಮಣ್ಣಿನ ಪಾತ್ರೆಯನ್ನು ಕುದಿಯುತ್ತಿರುವಂತೆಯೇ ಗಿಡ್ಡ ಮೇಜಿನ ನಡುವೆ ಇಟ್ಟ. ಎರಡು ಬಟ್ಟಲು ಇಟ್ಟ, ಎರಡು ಅನ್ನ, ಎರಡು ಚಮಚ, ಎರಡು ಜೊತೆ ಊಟದ ಕಡ್ಡಿ. ಜಮ್ರೆ ಅಭ್ಯಾಸಬಲದಿಂದ ಮೇಜಿನ ಮೂಲೆಗೆ ಸರಿದು ಕೂತಿದ್ದಳು. ಅವಳನ್ನು ಎದುರಿಗೆ ಕರೆದು ಕೂರಿಸಿದ. ಮೀನು ಬಡಿಸಲು ಸೌಟು ಎತ್ತಿದವನು ಹಾಗೇ ನಿಂತ. ಅವಳಿಗೆ ಯಾವ ಹೋಳು ಇಷ್ಟ ಅಂತ ಅವನಿಗೆ ಗೊತ್ತಿರಲಿಲ್ಲ. ತಲೆ ಇಷ್ಟ ಅಂತ ಅವನು ಎಲ್ಲರಿಗೂ ಹೇಳುತ್ತಿದ್ದ, ಅವಳು ಯಾವಾಗಲೂ ತಲೆಯನ್ನೇ ಚೀಪುವುದು ನೋಡಿ. ಈಗ ಯೋಚಿಸಿದರೆ ತನ್ನ ಬಟ್ಟಲಿಗೆ ಬಾರದೆ ಉಳಿಯುತ್ತಿದ್ದದ್ದು ಅದೊಂದೇ.

ನಡುವಿನ ದೊಡ್ಡ ಹೋಳನ್ನು ಅವಳ ಬಟ್ಟಲಿಗೆ ಹಾಕಿದ. ಜಮ್ರೆ ಅದನ್ನು ಕಡ್ಡಿಗಳಲ್ಲಿ ಹಿಡಿದು ಅವನ ಬಟ್ಟಲಿಗೆ ಹಾಕಿದಳು. ಅವನು ಮತ್ತೆ ಅವಳದಕ್ಕೆ ಹಾಕಿದ. ನನಗೆ ಹಸಿವಿಲ್ಲ, ನೀವು ತಿನ್ನಿ ಅಂತ ಅವಳು ಮತ್ತೆ ಇವನದಕ್ಕೆ ಹಾಕಿದಳು. ಡಾಕ್ಟರು ಹೇಳಿದ್ದು ನೆನಪಿಲ್ಲವಾ ಅಂತ ಅವನು ಗದರಿದ. ಮುಂದಿನ ಸಲದಿಂದ ತಿನ್ನುತ್ತೇನೆ, ಇವತ್ತು ನೀವು ಮಾಡಿದ್ದೀರಿ, ನೀವು ತಿನ್ನಿ ಅಂದಳು. ನಾಲ್ಕನೆಯ ಸಲಕ್ಕೆ ಹೋಳು ಪುಡಿಪುಡಿಯಾಗಿ ಮೇಜಿನ ಮೇಲೆ ಬಿತ್ತು. ಇಬ್ಬರಿಗೂ ಸೇರಿ ನೂರ ಮೂವತ್ತೇಳು ವರ್ಷ ವಯಸ್ಸು. ಒಂದು ಮೀನನ್ನು ಬಾಯಿವರೆಗೆ ತಲುಪಿಸಲಾಗಲಿಲ್ಲ.

ಗದರಿ ಫಲವಿಲ್ಲ, ಬೇಡಿಕೊಂಡೂ ಫಲವಿಲ್ಲ. ಅವಳ ಜೀವಕ್ಕೇ ಅಪಾಯ ಅಂದರೆ ಅವಳಿಗೆ ನಾಟುವುದಿಲ್ಲ ಅಂತ ದಲ್ಸುವಿಗೆ ಆಗ ಹೊಳೆಯಿತು. ಪಾತ್ರೆಯಿಂದ ಇನ್ನೊಂದು ನಡುವಿನ ಹೋಳು ತೆಗೆದು ಅವಳ ಬಟ್ಟಲಿಗಿಟ್ಟ. ಆಮೇಲೆ ತನ್ನ ಬಟ್ಟಲಿಗೆ ಸೌಟಿನ ಮೇಲೆ ಸೌಟು ಸಾರು ಸುರಿದುಕೊಂಡು, ಎರಡೂ ಕೈಯಲ್ಲಿ ಎತ್ತಿ ತುಟಿಗಿಟ್ಟ.

“ಇಡ್ರೀ ಕೆಳಗೆ. ನಿಮಗೇನು ಹುಚ್ಚಾ?” ಅಂದಳು ಜಮ್ರೆ.

“ನೀನು ತಿಂದ್ರೆ ಇಡ್ತೀನಿ. ಇಲ್ದಿದ್ರೆ ಇವತ್ತು ಪೂರ್ತಿ ಕುಡೀತೀನಿ, ನಾಳೆನೂ ಕುಡೀತೀನಿ. ನಿನ್ನ ಹಿಂದೆನೇ ನಾನೂ ಬರ್ತೀನಿ.”

ಒಂದು ಗುಟುಕು ಕುಡಿದೂ ಬಿಟ್ಟ. ಜಮ್ರೆ ಇನ್ನೊಂದು ಗುಟುಕಿಗೆ ಕಾಯಲಿಲ್ಲ. ಕಡ್ಡಿಗಳಿಂದ ಹೋಳನ್ನು ಹಿಡಿದು ಅರ್ಧಕ್ಕರ್ಧ ಬಾಯಿಗೆ ತುರುಕಿಕೊಂಡಳು. ಮರುಕ್ಷಣ ಬಾಯಿ ತೆರೆದು ಕೈಯಿಂದ ಗಾಳಿ ಹಾಕಿಕೊಂಡಳು, ಕಣ್ಣಲ್ಲಿ ನೀರು ತುಂಬಿತು. ನಿಧಾನ ಮಾರಾಯ್ತಿ, ಯಾರು ಓಡಿಸಿಕೊಂಡು ಬಂದಿದ್ದಾರೆ ಅಂದ ದಲ್ಸು.

“ಬಿಸೀದು ತಿಂದು ಅಭ್ಯಾಸ ಇಲ್ಲ ನಂಗೆ,” ಅಂದಳು ಜಮ್ರೆ, ಬಾಯಿ ಒರೆಸಿಕೊಳ್ಳುತ್ತ.

ದೂರು ಹೇಳಿದ್ದಲ್ಲ, ಇದ್ದದ್ದು ಹೇಳಿದಳು. ದಲ್ಸು ಬಟ್ಟಲನ್ನು ಕೆಳಗಿಟ್ಟ. ಉಳಿದ ಹೋಳನ್ನು ತನ್ನ ಕಡೆ ಎಳೆದುಕೊಂಡು, ಮುಳ್ಳು ಬಿಡಿಸಿ, ಬಾಯಿಂದ ಊದಿ ಆರಿಸಿ, ಚೂರು ಚೂರಾಗಿ ಅವಳ ಅನ್ನದ ಮೇಲೆ ಇಡತೊಡಗಿದ. ಮೊದಲ ಚೂರಿಗೆ ಅವಳು ಬೇಡ ಅಂದಳು. ಎರಡನೆಯದನ್ನು ಅನ್ನದ ಜೊತೆ ಬಾಯಿಗಿಟ್ಟಳು. ಮೂರನೆಯದು ತಿಂದಾದ ಮೇಲೆ, ಉಪ್ಪು ಸಾಲದು ಎಂದಳು.